ಶಾಂತಿಪಾಲನಾ ಪಡೆ ಸನ್ನದಿನ ಯಾವ ವಿಧಿಯಲ್ಲಿದೆ? ಒಂದು ರಸಪ್ರಶ್ನೆಯ ತಕರಾರು

ವಾಚನಾಲಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಮ್ಮೂರಿನ ವಾಚನಾಲಯದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ರಸಪ್ರಶ್ನೆ ನಡೆಸಿದೆವು. ಪ್ರಶ್ನೆಗಳನ್ನು ಸಿದ್ಧಪಡಿಸಿದವನೂ ತೀರ್ಪುಗಾರನೂ ನಾನೇ. "ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯು ಸನ್ನದಿನ, ಅಂದರೆ ಆ ಸಂಸ್ಥೆಯ ಸ್ಥಾಪನಾ ಒಪ್ಪಂದದ, ಯಾವ ವಿಧಿಯಡಿ ರಚನೆಯಾಗುತ್ತದೆ?" ಎಂಬ ಪ್ರಶ್ನೆಗೆ ನನ್ನ ಹಾಳೆಯಲ್ಲಿದ್ದ ಉತ್ತರ 43ನೇ ವಿಧಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಯಾವ ವಿಧಿಯಲ್ಲೂ ಇಲ್ಲ ಸರ್" ಎಂದಳು. ನಾನು ಅಂಕ ಕೊಡಲಿಲ್ಲ. ಅವಳೂ ವಾದಿಸದೆ ಕುಳಿತಳು. ಆದರೆ ಅವಳು ಕುಳಿತ ರೀತಿ ನನ್ನನ್ನು ಒಂದು ವಾರದಿಂದ ಕಾಡುತ್ತಿದೆ.

ನನ್ನ ತರ್ಕ ಇಷ್ಟು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ ಮಿತ್ರರಾಷ್ಟ್ರಗಳ ನಾಯಕರು ಕೂತು ಮಾತನಾಡಿ, ಮುಂದೆ ಇಂಥ ಯುದ್ಧ ಆಗದಂತೆ ತಡೆಯಲು ಲೋಕಕ್ಕೆ ಒಂದು ಸೈನ್ಯಬಲ ಬೇಕೆಂದು ತೀರ್ಮಾನಿಸಿದರು. ಸದಸ್ಯ ರಾಷ್ಟ್ರಗಳು ಭದ್ರತಾ ಮಂಡಳಿಗೆ ಸೈನ್ಯ ಒದಗಿಸಬೇಕೆಂದು 43ನೇ ವಿಧಿ ಹೇಳುತ್ತದೆ. ಹಾಗಿದ್ದರೆ ಗಾಜಾ, ಕಾಂಗೊ, ಸೈಪ್ರಸ್‌ಗಳಿಗೆ ಹೋದ ನೀಲಿ ಟೋಪಿಯ ಸೈನಿಕರು ಆ ವಿಧಿಯ ಮಕ್ಕಳಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ತುಂಗಾತೀರ

ಮೇಷ್ಟ್ರೇ, ಹುಡುಗಿ ಹೇಳಿದ್ದೇ ಸರಿ. ಸನ್ನದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೂ ಶಾಂತಿಪಾಲನೆ ಎಂಬ ಪದ ಒಮ್ಮೆಯೂ ಸಿಗುವುದಿಲ್ಲ.

43ನೇ ವಿಧಿಯ ಪ್ರಕಾರ ಪ್ರತಿ ದೇಶವೂ ಭದ್ರತಾ ಮಂಡಳಿಯೊಡನೆ ವಿಶೇಷ ಒಪ್ಪಂದ ಮಾಡಿಕೊಂಡು, ಎಷ್ಟು ಸೈನಿಕರು, ಯಾವ ಸೌಲಭ್ಯ ಎಂಬುದನ್ನು ಮೊದಲೇ ನಿಗದಿಪಡಿಸಿಡಬೇಕಿತ್ತು. ಅದರ ವಿವರಗಳನ್ನು ರೂಪಿಸಲು ಐದು ಕಾಯಂ ಸದಸ್ಯರ ಸೇನಾ ಮುಖ್ಯಸ್ಥರನ್ನೊಳಗೊಂಡ ಮಿಲಿಟರಿ ಸ್ಟಾಫ್ ಸಮಿತಿ 1946ರಲ್ಲಿ ಕೆಲಸ ಆರಂಭಿಸಿತು. ಐವರೂ ಸಮಪ್ರಮಾಣದಲ್ಲಿ ಸೈನ್ಯ ಕೊಡಬೇಕೆಂದು ಸೋವಿಯತ್ ಒಕ್ಕೂಟ ಪಟ್ಟು ಹಿಡಿಯಿತು. ಒಬ್ಬರು ನೌಕಾಬಲ, ಇನ್ನೊಬ್ಬರು ಭೂಸೇನೆ ಹೀಗೆ ಶಕ್ತಿಗೆ ತಕ್ಕಂತೆ ಕೊಟ್ಟರೆ ಸಾಕೆಂದು ಅಮೆರಿಕ ವಾದಿಸಿತು. 1947ರ ಏಪ್ರಿಲ್‌ನಲ್ಲಿ ಸಮಿತಿ ಕೊಟ್ಟ ವರದಿ ಬಹುಪಾಲು ಭಿನ್ನಾಭಿಪ್ರಾಯಗಳದ್ದೇ ಪಟ್ಟಿಯಾಗಿತ್ತು. ಆ ವಿಧಿಯಡಿ ಇಂದಿನವರೆಗೂ ಒಂದೇ ಒಂದು ದೇಶ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹುಟ್ಟದೇ ಇರುವ ತಾಯಿಗೆ ಮಕ್ಕಳೆಲ್ಲಿಂದ ಬರಬೇಕು?

ಲೆಕ್ಕಿಗ

ಮೇಷ್ಟ್ರೇ, ಅಂಕ ಕೊಟ್ಟುಬಿಡಿ. ಚರ್ಚೆ ಆಮೇಲೆ ಮಾಡೋಣ.

ಹಳೆಯ ಕಡತ

ಲೆಕ್ಕಿಗರ ಅವಸರ ಅವರಿಗಿರಲಿ. ಮೇಷ್ಟ್ರ ಪ್ರಶ್ನೆಯ ಇನ್ನೊಂದು ಭಾಗವನ್ನು ಯಾರೂ ಮುಟ್ಟಿಲ್ಲ. ಯುದ್ಧಕಾಲದ ರಾಜತಾಂತ್ರಿಕರು ನಿಜವಾಗಿ ಏನನ್ನು ಬಯಸಿದ್ದರು?

1942ರ ಜನವರಿ 1ರಂದು ವಾಷಿಂಗ್ಟನ್‌ನಲ್ಲಿ 26 ದೇಶಗಳ ಹೆಸರಿನಲ್ಲಿ ಹೊರಬಿದ್ದ ಘೋಷಣೆಯಲ್ಲಿ "ಯುನೈಟೆಡ್ ನೇಷನ್ಸ್" ಎಂಬುದು ಒಂದು ಸಂಸ್ಥೆಯ ಹೆಸರಾಗಿರಲಿಲ್ಲ. ಜರ್ಮನಿ, ಇಟಲಿ, ಜಪಾನ್‌ಗಳ ವಿರುದ್ಧ ಹೋರಾಡುತ್ತಿದ್ದ ಸೇನಾಕೂಟದ ಹೆಸರಾಗಿತ್ತು. ಶತ್ರುವಿನೊಡನೆ ಪ್ರತ್ಯೇಕ ಸಂಧಿ ಮಾಡಿಕೊಳ್ಳುವುದಿಲ್ಲ ಎಂಬುದು ಅದರ ತಿರುಳು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಮನಸ್ಸಿನಲ್ಲಿದ್ದುದು "ನಾಲ್ವರು ಪೊಲೀಸರು": ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ, ಚೀನಾ. 1943ರ ಅಕ್ಟೋಬರ್ 30ರ ಮಾಸ್ಕೋ ಘೋಷಣೆಯಲ್ಲಿ ಈ ನಾಲ್ವರೂ ಸೇರಿ ಯುದ್ಧಾನಂತರ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಬೇಕೆಂದರು. ಮರುವರ್ಷ ಆಗಸ್ಟ್ 21ರಿಂದ ಅಕ್ಟೋಬರ್ 7ರವರೆಗೆ ಡಂಬಾರ್ಟನ್ ಓಕ್ಸ್ ಎಂಬ ಬಂಗಲೆಯಲ್ಲಿ ಕರಡು ಸಿದ್ಧವಾಯಿತು. ಆ ಮಾತುಕತೆ ಎರಡು ಕಂತಿನಲ್ಲಿ ನಡೆಯಿತೆಂಬುದನ್ನು ಗಮನಿಸಬೇಕು. ಸೋವಿಯತ್ ಒಕ್ಕೂಟವು ಜಪಾನಿನೊಡನೆ ಇನ್ನೂ ಯುದ್ಧಕ್ಕಿಳಿದಿರದ ಕಾರಣ ಚೀನಾದ ಪಕ್ಕದಲ್ಲಿ ಕೂರಲು ಒಪ್ಪಲಿಲ್ಲ; ರಷ್ಯನ್ನರು ಎದ್ದು ಹೋದ ಮೇಲೆ ಚೀನೀಯರು ಬಂದು ಕೂತರು. ಜಗತ್ತಿನ ಶಾಂತಿಯ ಹೊಣೆ ಹೊರಲು ಹೊರಟ ನಾಲ್ವರಿಗೆ ಒಂದೇ ಮೇಜಿನ ಸುತ್ತ ಕೂರಲೂ ಆಗಲಿಲ್ಲ.

ಅವರ ಯೋಜನೆಯಲ್ಲಿ ಸೈನ್ಯ ಇತ್ತು, ನಿಜ. ಅದು ಆಕ್ರಮಣಕಾರನನ್ನು ಬಡಿದು ಬಗ್ಗಿಸುವ ಸೈನ್ಯ. ಇಬ್ಬರೂ ಒಪ್ಪಿದ ಮೇಲೆ ನಡುವೆ ಹೋಗಿ ನಿಲ್ಲುವ ಸೈನ್ಯದ ಕಲ್ಪನೆ ಅಲ್ಲಿ ಇರಲಿಲ್ಲ. ಆದ್ದರಿಂದ ಮೇಷ್ಟ್ರೇ, ನೀವು ಅಜ್ಜನ ಚಹರೆಯನ್ನು ಬೇರೆ ಮನೆಯ ಮೊಮ್ಮಗನಲ್ಲಿ ಹುಡುಕುತ್ತಿದ್ದೀರಿ.

ಘಟ್ಟದ ಕೆಳಗಿನವನು

"ಕಲ್ಪನೆಯೇ ಇರಲಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡತದವರು 1942ಕ್ಕಿಂತ ಹಿಂದಿನ ಕಡತ ತೆರೆಯಲಿ. 1935ರ ಜನವರಿ 13ರಂದು ಜರ್ಮನಿಯ ಗಡಿಯ ಸಾರ್ ಪ್ರದೇಶದಲ್ಲಿ ಜನಮತಗಣನೆ ನಡೆದಾಗ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘವು ಬ್ರಿಟನ್, ಇಟಲಿ, ಸ್ವೀಡನ್, ನೆದರ್ಲೆಂಡ್ಸ್‌ಗಳಿಂದ ಸುಮಾರು 3,300 ಸೈನಿಕರನ್ನು ತರಿಸಿ ನಿಲ್ಲಿಸಿತ್ತು. ಜರ್ಮನಿಯೂ ಫ್ರಾನ್ಸೂ ಒಪ್ಪಿದ್ದವು. ಗುಂಡು ಹಾರಿಸಲು ಬಂದ ಪಡೆ ಅದಾಗಿರಲಿಲ್ಲ. ಮತಗಣನೆ ಶಾಂತವಾಗಿ ಮುಗಿದ ಮೇಲೆ ಹೊರಟುಹೋಯಿತು. ಒಪ್ಪಿಗೆ, ಸಂಯಮ, ಹಲವು ದೇಶಗಳ ಬೆರಕೆ ಎಲ್ಲವೂ ಅಲ್ಲಿಯೇ ಇದ್ದವು. ಅದಕ್ಕೂ ಮೊದಲು, 1919ರ ಪ್ಯಾರಿಸ್ ಮಾತುಕತೆಯಲ್ಲಿ, ರಾಷ್ಟ್ರಸಂಘಕ್ಕೆ ಸ್ವಂತ ಸೇನೆಯಿರಲಿ ಎಂದು ಫ್ರಾನ್ಸಿನ ಲಿಯಾನ್ ಬೂರ್ಷ್ವಾ ಒತ್ತಾಯಿಸಿದ್ದರು. ಅಮೆರಿಕವೂ ಬ್ರಿಟನ್ನೂ ಸೇರಿ ಅದನ್ನು ತಳ್ಳಿಹಾಕಿದವು.

ಹಳೆಯ ಕಡತ

ಸಾರ್ ಉದಾಹರಣೆಯನ್ನು ಮರೆತದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ 1944ರಲ್ಲಿ ಕರಡು ಬರೆದವರು ಅದನ್ನು ಮಾದರಿಯಾಗಿ ಹಿಡಿಯಲಿಲ್ಲ ಎಂಬುದೂ ಅಷ್ಟೇ ನಿಜ. ರಾಷ್ಟ್ರಸಂಘದ ನೆನಪೆಂದರೆ ಅವರಿಗೆ, ಜಪಾನ್ ಮತ್ತು ಇಟಲಿಯ ದಾಳಿಗಳನ್ನು ಅದು ತಡೆಯಲಾಗದೆ ಹೋದ ಮಂಚೂರಿಯ, ಅಬಿಸೀನಿಯ. ಸೋತ ಮನೆಯಲ್ಲಿ ಗೆದ್ದ ಒಂದು ಕೋಣೆಯಿತ್ತೆಂದು ಯಾರು ನೋಡಲು ಹೋಗುತ್ತಾರೆ?

ಅರಮನೆ ರಸ್ತೆ

ಈ ಸನ್ನದಿಗೆ ಭಾರತದ ಪರವಾಗಿ 1945ರ ಜೂನ್ 26ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಹಿ ಹಾಕಿದ ನಿಯೋಗದ ಮುಖ್ಯಸ್ಥರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲವಲ್ಲ! ಮರುವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊದಲ ಅಧ್ಯಕ್ಷರಾದವರೂ ಅವರೇ, ಮೈಸೂರಿಗೆ ದಿವಾನರಾಗಿ ಬಂದವರೂ ಅವರೇ. 1947ರ ಮೈಸೂರು ಚಲೋ ಚಳವಳಿಯಲ್ಲಿ "ಆರ್ಕಾಟ್ ಬಾಯ್ಕಾಟ್" ಎಂದು ಕೂಗಿದ ನಮ್ಮಜ್ಜಿಗೆ, ತಾನು ಬೈಯುತ್ತಿರುವ ದಿವಾನರ ಸಹಿ ವಿಶ್ವಸಂಸ್ಥೆಯ ಸನ್ನದಿನ ಮೇಲಿದೆ ಎಂಬುದು ಕೊನೆಯವರೆಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ದನಿ ತಗ್ಗಿಸುತ್ತಿರಲಿಲ್ಲ ಎನ್ನಿ.

ಘಟ್ಟದ ಕೆಳಗಿನವನು

ಅರಮನೆ ರಸ್ತೆಯವರೇ, ಆ ನಿಯೋಗವನ್ನು "ಭಾರತದ್ದು" ಎನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ. ಅದನ್ನು ಆರಿಸಿ ಕಳುಹಿಸಿದ್ದು ವೈಸ್‌ರಾಯ್ ಸರ್ಕಾರ. 1941ರಲ್ಲಿ ರೂಸ್‌ವೆಲ್ಟರ ಜೊತೆ ಹೊರಡಿಸಿದ ಅಟ್ಲಾಂಟಿಕ್ ಸನ್ನದಿನಲ್ಲಿ ಎಲ್ಲ ಜನಾಂಗಗಳಿಗೂ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆಯೆಂದು ಬರೆದ ಚರ್ಚಿಲ್, ಆ ಮಾತು ನಾಜಿಗಳ ಹಿಡಿತದಲ್ಲಿದ್ದ ಯುರೋಪಿನ ದೇಶಗಳನ್ನು ಕುರಿತದ್ದೆಂದು ಒಂದೇ ತಿಂಗಳಲ್ಲಿ ಸಂಸತ್ತಿನಲ್ಲಿ ವಿವರಣೆ ಕೊಟ್ಟು, ಭಾರತವನ್ನು ಪಕ್ಕಕ್ಕಿಟ್ಟರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಧಿಕೃತ ಆಸನವಿಲ್ಲದೆ ಹೊರಗೆ ನಿಂತು ಸ್ವಾತಂತ್ರ್ಯದ ಮಾತು ಆಡಿದವರು ವಿಜಯಲಕ್ಷ್ಮಿ ಪಂಡಿತ್.

ಅರಮನೆ ರಸ್ತೆ

ನಿಮ್ಮ ಸಿಟ್ಟು ನ್ಯಾಯವೇ. ಆದರೂ ಆ ಸಹಿಯಿಂದಲೇ ಭಾರತ ಸ್ಥಾಪಕ ಸದಸ್ಯ ದೇಶವಾಯಿತು. 1947ರಲ್ಲಿ ಹೊಸದಾಗಿ ಅರ್ಜಿ ಹಾಕಿ ಬಾಗಿಲಲ್ಲಿ ಕಾಯಬೇಕಾಗಲಿಲ್ಲ. ಬೇಡದ ಸಂಬಂಧದಿಂದ ಬಂದ ಆಸ್ತಿಯನ್ನೂ ಮಕ್ಕಳು ಅನುಭವಿಸುತ್ತಾರಲ್ಲವೇ?

ಮಡಿಕೇರಿ ಮಂಜು

ಎಲ್ಲರೂ ಸನ್ನದಿನ ಸುತ್ತಲೇ ತಿರುಗುತ್ತಿದ್ದೀರಿ. ಯುದ್ಧ ನಡೆಯುತ್ತಿರುವಾಗಲೇ ನಡೆದ ರಾಜತಾಂತ್ರಿಕ ಮಾತುಕತೆಯಿಂದ ನೇರವಾಗಿ ಶಾಂತಿ ಕಾಯುವ ಕೆಲಸ ಹುಟ್ಟಿದ್ದಕ್ಕೆ ಒಂದು ಉದಾಹರಣೆ ಬೇಕಿದ್ದರೆ ಕೊರಿಯಾಕ್ಕೆ ಬನ್ನಿ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಕಥೆ ಅದು. ಅವರ ಮನೆ 'ಸನ್ನಿ ಸೈಡ್' ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ. ಬರುವ ಪ್ರವಾಸಿಗಳು ಹೊರಗಿಟ್ಟಿರುವ ಯುದ್ಧ ಟ್ಯಾಂಕಿನ ಮುಂದೆ ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಅವರ ಅತಿ ಕಷ್ಟದ ಕೆಲಸ ಗುಂಡು ಹಾರಿಸದೇ ಇರುವುದಾಗಿತ್ತು ಎಂಬುದು ಬಹಳ ಮಂದಿಗೆ ತಿಳಿಯದು.

ಕೊರಿಯಾ ಯುದ್ಧದ ಸಂಧಾನ ತಿಂಗಳುಗಟ್ಟಲೆ ಸಿಕ್ಕಿಬಿದ್ದದ್ದು ಗಡಿಯ ವಿಷಯಕ್ಕಿಂತ ಹೆಚ್ಚಾಗಿ ಯುದ್ಧಕೈದಿಗಳ ವಿಷಯದಲ್ಲಿ. ಹಿಂದಿರುಗಲು ಇಷ್ಟವಿಲ್ಲದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಬಲವಂತವಾಗಿ ಒಪ್ಪಿಸಬೇಕೇ, ಬೇಡವೇ? ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರನ್ನು ವಹಿಸೋಣ ಎಂಬ ಭಾರತದ ಪ್ರತಿನಿಧಿ ಕೃಷ್ಣ ಮೆನನ್ನರ ಸೂತ್ರವನ್ನು ವಿಶ್ವಸಂಸ್ಥೆಯ ಮಹಾಸಭೆ 1952ರ ಡಿಸೆಂಬರ್ 3ರಂದು ಅಂಗೀಕರಿಸಿತು. ಮೊದಲು ಸೋವಿಯತ್ ಒಕ್ಕೂಟವೂ ಚೀನಾವೂ ಅದನ್ನು ತಿರಸ್ಕರಿಸಿದವು. ಮುಂದಿನ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ತಿರುಗಿ, ಜೂನ್ 8ರಂದು ಕೈದಿಗಳ ಒಪ್ಪಂದ, ಜುಲೈ 27ರಂದು ಕದನವಿರಾಮ ಆಯಿತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷರಾಗಿ ತಿಮ್ಮಯ್ಯ. ಮತ ಎರಡಕ್ಕೆರಡು ನಿಂತಾಗಲೆಲ್ಲ ಬೈಗುಳ ಅವರ ಪಾಲಿಗೆ.

ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಸುಮಾರು 6,000 ಭಾರತೀಯ ಸೈನಿಕರು ಹೋದರು. ಭಾರತೀಯರು ತನ್ನ ನೆಲಕ್ಕೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದ ಕಾರಣ, ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ನೇರವಾಗಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಚೀನಾ ಮತ್ತು ಉತ್ತರ ಕೊರಿಯಾದ ಕೈದಿಗಳೇ 22,600ಕ್ಕೂ ಹೆಚ್ಚು, ಅವರ ಎದುರಾಳಿ ಪಕ್ಷದ ಕೈದಿಗಳು 359 ಮಂದಿ. ಕೈದಿಗಳು ಕಲ್ಲು ತೂರಿದರು, ನಮ್ಮ ಅಧಿಕಾರಿಯೊಬ್ಬರನ್ನು ಶಿಬಿರದೊಳಗೆ ಹಿಡಿದಿಟ್ಟುಕೊಂಡರು. ಥೋರಟ್ ತಾವೇ ಒಳಗೆ ಹೋಗಿ ಬಿಡಿಸಿಕೊಂಡು ಬಂದರು. ತಮ್ಮ ದೇಶದ ಪ್ರತಿನಿಧಿಗಳ ಮಾತು ಕೇಳಲು ಒಲ್ಲೆನೆಂದ ಕೈದಿಗಳನ್ನು ಬಲವಂತದಿಂದ ಎಳೆದು ತರಲು ತಿಮ್ಮಯ್ಯ ಒಪ್ಪಲಿಲ್ಲ. ಕೊನೆಗೆ ಮನಸ್ಸು ಬದಲಿಸಿ ತವರಿಗೆ ಮರಳಿದವರು ಕೆಲವೇ ನೂರು ಮಂದಿ. ಎರಡೂ ಕಡೆ ಬೇಡವೆಂದ 88 ಮಂದಿ ನಮ್ಮ ಸೈನಿಕರ ಜೊತೆಯಲ್ಲೇ ಭಾರತಕ್ಕೆ ಹಡಗು ಹತ್ತಿದರು.

ತುಂಗಾತೀರ

ಮಂಜು ಅವರೇ, ಬರಹ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ ಅಗತ್ಯ. ಆ ಆಯೋಗ ವಿಶ್ವಸಂಸ್ಥೆಯ ಪಡೆಯಾಗಿರಲಿಲ್ಲ, ಕದನವಿರಾಮ ಒಪ್ಪಂದದಿಂದ ಹುಟ್ಟಿದ ಪ್ರತ್ಯೇಕ ಸಂಸ್ಥೆ. ಹಾಗೆ ನೋಡಿದರೆ ಕೊರಿಯಾದಲ್ಲಿ ವಿಶ್ವಸಂಸ್ಥೆಯ ಬಾವುಟ ಹಿಡಿದಿದ್ದ ಸೇನೆಯೇ ಯುದ್ಧದ ಒಂದು ಕಕ್ಷಿಯಾಗಿತ್ತು. ವಿಶ್ವಸಂಸ್ಥೆಯ ಮೊದಲ ಕಾರ್ಯಾಚರಣೆ 1948ರ ಪ್ಯಾಲೆಸ್ಟೈನ್ ಕದನವಿರಾಮದ ವೀಕ್ಷಕರದ್ದು. ಅವರ ಕೈಯಲ್ಲಿ ಆಯುಧವಿರಲಿಲ್ಲ. ಮಧ್ಯಸ್ಥಿಕೆಗೆ ಹೋಗಿದ್ದ ಫೋಲ್ಕೆ ಬರ್ನಡೋಟ್ ಅವರನ್ನು ಆ ವರ್ಷದ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ಕೊಂದರು. ಅವರ ಜಾಗಕ್ಕೆ ಬಂದ ರಾಲ್ಫ್ ಬಂಚ್ ಮರುವರ್ಷ ರೋಡ್ಸ್ ದ್ವೀಪದಲ್ಲಿ ಒಪ್ಪಂದಗಳನ್ನು ಕುದುರಿಸಿದರು. ಕಾಶ್ಮೀರದ ನಿಯಂತ್ರಣ ರೇಖೆಗೆ ಬಂದ ವೀಕ್ಷಕರು 1949ರ ಜನವರಿಯವರು.

ಮಡಿಕೇರಿ ಮಂಜು

ತಿದ್ದುಪಡಿಗೆ ಧನ್ಯವಾದ, ಆದರೆ ಹಲಗೆ ಯಾರದೆಂಬುದಕ್ಕಿಂತ ಕಸುಬು ಯಾವುದೆಂದು ನೋಡಿ. ಅದೇ ತಿಮ್ಮಯ್ಯನವರನ್ನು 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಗೆ ದಂಡನಾಯಕರನ್ನಾಗಿ ಕರೆದರು. 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡದ್ದೂ ಆ ಕೆಲಸದಲ್ಲಿರುವಾಗ, ಆ ದ್ವೀಪದಲ್ಲೇ. ಸೈಪ್ರಸ್ ಸರ್ಕಾರ ಅವರ ಅಂಚೆಚೀಟಿಯನ್ನೂ ಹೊರಡಿಸಿತು. ಕೊರಿಯಾದಲ್ಲಿ ಕಲಿತ ವಿದ್ಯೆಯಿಲ್ಲದೆ ಸೈಪ್ರಸ್‌ಗೆ ಅವರ ಹೆಸರು ಬರುತ್ತಿತ್ತೇ?

ಅರಮನೆ ರಸ್ತೆ

ತುಂಗಾತೀರ ಅವರಿಗೂ ಒಂದು ತಿದ್ದುಪಡಿ ಇದೆ. 1949ರಲ್ಲಿ ಅದು ಕದನವಿರಾಮ ರೇಖೆ. "ನಿಯಂತ್ರಣ ರೇಖೆ" ಎಂಬ ಹೆಸರು ಬಂದದ್ದು 1972ರ ಶಿಮ್ಲಾ ಒಪ್ಪಂದದ ನಂತರ.

ತುಂಗಾತೀರ

ಒಪ್ಪಿದೆ. ತಿದ್ದಲು ಹೋದವನಿಗೇ ತಿದ್ದುಪಡಿ!

ಹಳೆಯ ಕಡತ

ಈಗ ಸೂಯೆಜ್‌ಗೆ ಬರಲೇಬೇಕು, ಏಕೆಂದರೆ ಮೇಷ್ಟ್ರ ತಕರಾರಿನ ನಿಜವಾದ ಉತ್ತರ ಅಲ್ಲಿದೆ.

1956ರ ಅಕ್ಟೋಬರ್ 29ರಂದು ಇಸ್ರೇಲ್ ಈಜಿಪ್ಟಿನ ಸಿನಾಯ್‌ಗೆ ನುಗ್ಗಿತು. ಮೊದಲೇ ಗುಟ್ಟಾಗಿ ಮಾತಾಡಿಕೊಂಡಿದ್ದ ಬ್ರಿಟನ್ ಮತ್ತು ಫ್ರಾನ್ಸ್ ಸೂಯೆಜ್ ಕಾಲುವೆಯನ್ನು ರಕ್ಷಿಸುವ ನೆಪದಲ್ಲಿ ಕೈಹಾಕಿದವು. ಭದ್ರತಾ ಮಂಡಳಿಯಲ್ಲಿ ಈ ಇಬ್ಬರೂ ವೀಟೊ ಚಲಾಯಿಸಿದರು. ಅಂದರೆ 1944ರ ಪೊಲೀಸರಲ್ಲಿ ಒಬ್ಬನೂ, ಆಮೇಲೆ ಆ ಠಾಣೆಗೆ ಸೇರಿಕೊಂಡ ಫ್ರಾನ್ಸೂ ಈಗ ಆರೋಪಿಗಳ ಸ್ಥಾನದಲ್ಲಿ ನಿಂತಿದ್ದರು. ವಿಷಯ ಮಹಾಸಭೆಗೆ ಹೋಯಿತು. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್, ಬರೀ ಕದನವಿರಾಮ ಸಾಲದು, ನಡುವೆ ನಿಲ್ಲುವ ಅಂತಾರಾಷ್ಟ್ರೀಯ ಪಡೆ ಬೇಕೆಂದರು. ನಲವತ್ತೆಂಟು ಗಂಟೆಯೊಳಗೆ ಯೋಜನೆ ಕೊಡಿ ಎಂದು ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಅವರನ್ನು ಕೇಳುವ ನಿರ್ಣಯ ನವೆಂಬರ್ 4ರಂದು 57 ಮತಗಳಿಂದ ಅಂಗೀಕಾರವಾಯಿತು. ವಿರೋಧ ಸೊನ್ನೆ; ತಟಸ್ಥ 19. ಹೊಡೆದವರು, ಹೊಡೆಸಿಕೊಂಡವರು, ಸೋವಿಯತ್ ಬಣ ಎಲ್ಲರೂ ತಟಸ್ಥರ ಸಾಲಿನಲ್ಲೇ ಇದ್ದರು.

ಮರುದಿನದ ನಿರ್ಣಯದಲ್ಲಿ ಪಡೆಯ ದಂಡನಾಯಕರಾಗಿ ನೇಮಕಗೊಂಡ ಜನರಲ್ ಬರ್ನ್ಸ್, ಅದುವರೆಗೆ ಪ್ಯಾಲೆಸ್ಟೈನಿನ ವೀಕ್ಷಕರ ಮುಖ್ಯಸ್ಥರಾಗಿದ್ದವರು. ಹಳೆಯ ಎಳೆ ಹೊಸ ಬಟ್ಟೆಗೆ ಸೇರಿದ್ದು ಹೀಗೆ. ಅವರು ಅಧಿಕಾರಿಗಳನ್ನು ಆರಿಸಿಕೊಳ್ಳಬೇಕಾದದ್ದು ಕಾಯಂ ಸದಸ್ಯರಲ್ಲದ ದೇಶಗಳಿಂದ ಎಂದು ಅದೇ ನಿರ್ಣಯ ಹೇಳಿತು. ಸೈನ್ಯದ ಸೂತ್ರ ದೊಡ್ಡವರ ಕೈಯಲ್ಲೇ ಇರಬೇಕೆಂದು ಡಂಬಾರ್ಟನ್ ಓಕ್ಸ್‌ನಲ್ಲಿ ಬರೆದಿದ್ದರು. ಹನ್ನೆರಡು ವರ್ಷದಲ್ಲಿ ಅದು ಪೂರ್ತಿ ತಲೆಕೆಳಗಾಯಿತು. ಬ್ರೆಜಿಲ್, ಕೊಲಂಬಿಯಾ, ಡೆನ್ಮಾರ್ಕ್, ಫಿನ್‌ಲೆಂಡ್, ಭಾರತ, ಇಂಡೊನೇಷ್ಯಾ, ನಾರ್ವೆ, ಸ್ವೀಡನ್, ಯುಗೊಸ್ಲಾವಿಯಾ, ಕೆನಡಾ: ಹತ್ತರಲ್ಲಿ ಒಬ್ಬನೂ ಪೊಲೀಸನಲ್ಲ.

ಟೋಪಿ ಅಂಗಡಿ

ಕೆನಡಾ ಕಳುಹಿಸಲು ಹೊರಟ ದಳದ ಹೆಸರು "ಕ್ವೀನ್ಸ್ ಓನ್ ರೈಫಲ್ಸ್". ರಾಣಿಯ ಹೆಸರು, ಬ್ರಿಟಿಷರಂಥದೇ ಸಮವಸ್ತ್ರ; ಈಜಿಪ್ಟಿನ ಅಧ್ಯಕ್ಷ ನಾಸೆರ್ ಬೇಡವೆಂದರು, ಪಿಯರ್ಸನ್ನರ ದೇಶ ಕೊನೆಗೆ ಸಿಗ್ನಲ್, ಸರಬರಾಜು ಮುಂತಾದ ಸೇವಾ ಘಟಕಗಳನ್ನು ಕಳುಹಿಸಬೇಕಾಯಿತು. ಶತ್ರುವೆಂದು ತಪ್ಪು ತಿಳಿದು ಯಾರಾದರೂ ಗುಂಡಿಕ್ಕಿಯಾರೆಂಬ ಭಯಕ್ಕೆ, ಅಮೆರಿಕನ್ ಸೇನೆಯ ಹೆಲ್ಮೆಟ್ ಒಳಚಿಪ್ಪುಗಳಿಗೆ ತಿಳಿನೀಲಿ ಬಣ್ಣ ಬಳಿದು ಕೊಟ್ಟರು. ಜಗತ್ತು ಇಂದು ಗುರುತಿಸುವ ನೀಲಿ ಟೋಪಿ ಹುಟ್ಟಿದ್ದು ಅವಸರದ ಬಣ್ಣದ ಡಬ್ಬಿಯಿಂದ.

ಸಂಡೂರು ಬಂಡೆ

ನಮ್ಮ ದೊಡ್ಡತಾತ ಸಿಗ್ನಲ್ ವಿಭಾಗದಲ್ಲಿದ್ದು ಗಾಜಾದಲ್ಲಿ ಒಂದು ವರ್ಷ ಕಳೆದವರು. ಮರಳು ಬಣ್ಣದ ಪಟ್ಟಿಯ ಅವರ ಪದಕ ಇಂದಿಗೂ ನಮ್ಮ ಮನೆಯ ದೇವರ ಗೂಡಿನಲ್ಲಿದೆ. ಅವರು ಯುದ್ಧದ ಕಥೆ ಹೇಳಿದ್ದೇ ಇಲ್ಲ, ಹೇಳಲು ಯುದ್ಧವೇ ನಡೆಯಲಿಲ್ಲ. 59 ಕಿಲೋಮೀಟರ್ ಉದ್ದದ ರೇಖೆ, ಹಗಲು ಕಾವಲುಗೋಪುರ, ರಾತ್ರಿ ಗಸ್ತು, ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಕೂಡದೆಂಬ ಆಜ್ಞೆ. "ಹೊಲದ ಬದುವಿನ ಮೇಲೆ ಕೂತು ಎರಡು ಕಡೆಯ ದನ ಕಾಯ್ದ ಹಾಗೆ" ಎನ್ನುತ್ತಿದ್ದರು. ಬಾಲ್ಯದಲ್ಲಿ ನಮಗೆ ಅದು ಬಹಳ ಸಪ್ಪೆಯೆನಿಸುತ್ತಿತ್ತು.

ಘಟ್ಟದ ಕೆಳಗಿನವನು

ಎಲ್ಲರೂ ಸೂಯೆಜ್ ಹೊಗಳಿದ್ದಾಯಿತು. ಅದೇ ನವೆಂಬರ್ 4ರಂದು ದಂಗೆ ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಹಂಗೆರಿಯ ಬುಡಾಪೆಸ್ಟ್‌ಗೆ ನುಗ್ಗಿದವು. ಅಲ್ಲಿಗೇಕೆ ಒಬ್ಬ ನೀಲಿ ಟೋಪಿಯವನೂ ಹೋಗಲಿಲ್ಲ? ಬ್ರಿಟನ್ ಹಿಂದೆ ಸರಿದದ್ದು ಮಹಾಸಭೆಯ ನಿರ್ಣಯಕ್ಕೆ ಹೆದರಿಯೂ ಅಲ್ಲ. ಪೌಂಡು ಕುಸಿಯುತ್ತಿರುವಾಗ ಅಮೆರಿಕ ಕೈ ಹಿಡಿಯಲು ನಿರಾಕರಿಸಿದ್ದರಿಂದ. ದೊಡ್ಡವರ ಸಮ್ಮತಿಯಿಲ್ಲದೆ ನಿಮ್ಮ ಶಾಂತಿಪಾಲನೆ ಒಂದು ಹೆಜ್ಜೆಯೂ ಇಡಲಿಲ್ಲ. ನಾಲ್ವರು ಪೊಲೀಸರ ಯೋಜನೆ ಸತ್ತಿರಲಿಲ್ಲ, ತೆರೆಮರೆಗೆ ಸರಿದಿತ್ತು, ಅಷ್ಟೆ.

ಹಳೆಯ ಕಡತ

ಹಂಗೆರಿಯ ಮಾತು ನಿಜ, ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಅಲ್ಲಿ ಸೋವಿಯತ್ ಬೆಂಬಲದಿಂದ ಕೂತ ಸರ್ಕಾರ ವೀಕ್ಷಕರನ್ನು ಕೂಡ ಒಳಗೆ ಬಿಡಲಿಲ್ಲ. ಒಪ್ಪಿಗೆಯ ಮೇಲೆ ನಿಂತ ವ್ಯವಸ್ಥೆ ಒಪ್ಪದವನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಸಂಡೂರು ಬಂಡೆ

ಒಪ್ಪಿಗೆಯನ್ನು ಹಿಂದಕ್ಕೆ ಪಡೆದರೆ ಏನಾಗುತ್ತದೆಂಬುದನ್ನೂ ನಮ್ಮವರು ಕಂಡಿದ್ದಾರೆ. 1967ರ ಮೇ ತಿಂಗಳಲ್ಲಿ ನಾಸೆರ್ ಪಡೆಯನ್ನು ಹೊರಡಲು ಹೇಳಿದರು, ಪ್ರಧಾನ ಕಾರ್ಯದರ್ಶಿ ಊ ಥಾಂಟ್ ಒಪ್ಪಿದರು. ಆಗ ಪಡೆಯ ದಂಡನಾಯಕರು ಭಾರತದವರೇ ಆದ ಇಂದರ್‌ಜಿತ್ ರಿಖ್ಯೆ. ಗಂಟುಮೂಟೆ ಕಟ್ಟಿ ಮುಗಿಯುವ ಮೊದಲೇ ಜೂನ್ 5ರಂದು ಯುದ್ಧ ಶುರುವಾಗಿ, ಇಸ್ರೇಲಿ ದಾಳಿಯಲ್ಲಿ ಭಾರತೀಯ ಸೈನಿಕರೂ ಸತ್ತರು. ದೊಡ್ಡತಾತ ಆಗ ಊರಿಗೆ ಮರಳಿದ್ದರು. ರೇಡಿಯೋದಲ್ಲಿ ಸುದ್ದಿ ಕೇಳಿ ಎರಡು ದಿನ ಊಟ ಬಿಟ್ಟರೆಂದು ಅಜ್ಜಿ ಹೇಳುತ್ತಿದ್ದರು.

ತುಂಗಾತೀರ

ಮೇಷ್ಟ್ರೇ, ತೀರ್ಪು ಬರೆಯಲು ನಿಮಗೆ ಆಧಾರ ಬೇಕಲ್ಲವೇ? ಸೂಯೆಜ್ ಮತ್ತು ಕಾಂಗೊ ಪಡೆಗಳ ಖರ್ಚನ್ನು ಕೊಡುವುದಿಲ್ಲವೆಂದು ಸೋವಿಯತ್ ಬಣವೂ ಫ್ರಾನ್ಸೂ ತಗಾದೆ ತೆಗೆದಾಗ ವಿಷಯ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1962ರ ಜುಲೈ 20ರಂದು ಒಂಬತ್ತು ನ್ಯಾಯಾಧೀಶರು ಪರವಾಗಿ, ಐವರು ವಿರುದ್ಧವಾಗಿ ಕೊಟ್ಟ ಸಲಹಾತ್ಮಕ ಅಭಿಪ್ರಾಯದಲ್ಲಿ, ಇವು ಬಲಪ್ರಯೋಗದ ಕ್ರಮಗಳಲ್ಲ, 43ನೇ ವಿಧಿ ಇವಕ್ಕೆ ಅನ್ವಯಿಸದು, ಆದರೂ ಖರ್ಚು ಸಂಸ್ಥೆಯದ್ದೇ ಎಂದಿತು. ಹ್ಯಾಮರ್‌ಶೋಲ್ಡ್ ಇದನ್ನು "ಆರೂವರೆಯ ಅಧ್ಯಾಯ" ಎಂದು ತಮಾಷೆಯಾಗಿ ಕರೆದರೆಂದು ಹೇಳುತ್ತಾರೆ: ಸನ್ನದಿನಲ್ಲಿರುವ ಸಂಧಾನದ ಆರನೆಯ ಅಧ್ಯಾಯಕ್ಕೂ ದಂಡನೆಯ ಏಳನೆಯದಕ್ಕೂ ನಡುವೆ, ಮುದ್ರಣವಾಗದ ಪುಟ.

ಲೆಕ್ಕಿಗ

ಅಂಕ ಕೊಟ್ಟಿರಾ?

ವಾಚನಾಲಯದ ಮೇಷ್ಟ್ರು

ಕೊಟ್ಟೆ. ನಿನ್ನೆ ಸಂಜೆ ಶಾಲೆಗೇ ಹೋಗಿ, ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು ಎರಡು ಅಂಕ ಸೇರಿಸಿದೆ. ಅದೆಲ್ಲಿ ಓದಿದೆಯಮ್ಮಾ ಎಂದು ಕೇಳಿದ್ದಕ್ಕೆ, "ಓದಲಿಲ್ಲ ಸರ್, ಸನ್ನದಿನಲ್ಲಿ ಹುಡುಕಿದೆ, ಸಿಗಲಿಲ್ಲ" ಎಂದಳು. ಈಗ ಹೊಸ ಸಂಕಟ: ಆ ಎರಡು ಅಂಕದಿಂದ ಅವಳು ಮೊದಲ ಬಹುಮಾನ ಪಡೆದ ಹುಡುಗನಿಗೆ ಸಮನಾಗಿದ್ದಾಳೆ. ಬಹುಮಾನದ ನಿಘಂಟು ಇದ್ದದ್ದು ಒಂದೇ ಪ್ರತಿ, ಅದು ಆಗಲೇ ಅವನ ಮನೆ ಸೇರಿದೆ.

ಲೆಕ್ಕಿಗ

ಎರಡನೇ ಪ್ರತಿಯ ಹಣ ನನ್ನದು. ವಾಚನಾಲಯದ ವಿಳಾಸ ತಿಳಿಸಿ, ಇಂದೇ ಕಳುಹಿಸುತ್ತೇನೆ. 43ನೇ ವಿಧಿಯ ಸೈನ್ಯದಂತೆ ಬರೀ ಕಾಗದದ ಮೇಲಿನ ಮಾತಲ್ಲ.